ಹಳೆಯ ಸಾಫ್ಟ್‌ವೇರ್ ಬದಲಿಸಬೇಕೇ, ಹಾಗೇ ಬಿಡಬೇಕೇ? ಪಹಣಿಯಿಂದ ಅಂಗಡಿ ಬಿಲ್ಲಿನವರೆಗೆ ಒಂದು ಲೆಕ್ಕಾಚಾರ

ಸರ್ಕಾರಿ ವೆಬ್‌ಸೈಟ್ ಒಂದು ದಿನ ಕೈಕೊಟ್ಟರೆ ಸಾಕು, ಸಂಜೆಯೊಳಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಹರಿದಾಡುತ್ತವೆ. ಒಂದು, ‘ಇನ್ನೂ ಓಬೀರಾಯನ ಕಾಲದ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ, ಎತ್ತಿ ಬಿಸಾಡಿ ಹೊಸದು ತರಬಾರದೇ?’ ಇನ್ನೊಂದು, ‘ಹಳೆಯದು ಚೆನ್ನಾಗಿಯೇ ಇತ್ತು, ದುಡ್ಡು ಹೊಡೆಯಲು ಹೊಸದು ತಂದರು.’ ಎರಡೂ ಮಾತು ಕೇಳಲು ಸರಿ ಎನಿಸುತ್ತವೆ. ಆದರೆ ಎರಡರಲ್ಲೂ ಲೆಕ್ಕವಿಲ್ಲ. ಹಳೆಯ ಸಾಫ್ಟ್‌ವೇರನ್ನು ಯಾವಾಗ ಬದಲಿಸುವುದು ಲಾಭ, ಯಾವಾಗ ನಷ್ಟ ಎಂಬುದನ್ನು ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ನಮ್ಮ ರಾಜ್ಯದ ಪಹಣಿಯ ಕಥೆಯನ್ನೇ ಹಿಡಿದು ನೋಡೋಣ.

ಸಂಕ್ಷಿಪ್ತ ಉತ್ತರ

ಸಾಫ್ಟ್‌ವೇರಿನ ವಯಸ್ಸು ಬದಲಾವಣೆಗೆ ಕಾರಣವಲ್ಲ. ಅದನ್ನು ಇಟ್ಟುಕೊಳ್ಳಲು ವರ್ಷವರ್ಷವೂ ಆಗುವ ಖರ್ಚು ಮತ್ತು ಅಪಾಯ, ಬದಲಿಸಲು ಒಮ್ಮೆ ಆಗುವ ಖರ್ಚು ಮತ್ತು ಅಪಾಯಕ್ಕಿಂತ ಹೆಚ್ಚಾದಾಗ ಮಾತ್ರ ಬದಲಾವಣೆ ಲಾಭ. ಈ ತೂಕ ಹಾಕುವಾಗ ಜನ ಮರೆಯುವುದು ಮೂರು ಸಂಗತಿ: ಹಳೆಯ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವ ಖರ್ಚು, ಜನರಿಗೆ ಕಲಿಸುವ ಖರ್ಚು, ಮತ್ತು ‘ಪೂರ್ತಿ ಬದಲಿಸು’ ‘ಹಾಗೇ ಬಿಡು’ ಎಂಬ ಎರಡರ ನಡುವೆ ಇರುವ ಅಗ್ಗದ ದಾರಿಗಳು.

ಸಾಫ್ಟ್‌ವೇರ್ ಹಳೆಯದಾಗುತ್ತದೆ ಎಂದರೇನು?

ಎತ್ತಿನ ಗಾಡಿಯ ಚಕ್ರ ಸವೆಯುತ್ತದೆ, ಪಂಪ್‌ಸೆಟ್ಟಿನ ಬೇರಿಂಗ್ ಸವೆಯುತ್ತದೆ. ಸಾಫ್ಟ್‌ವೇರ್ ಸವೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಸರಿಯಾಗಿ ಕೂಡಿಸಿದ ಪ್ರೋಗ್ರಾಂ ಇಂದೂ ಸರಿಯಾಗಿಯೇ ಕೂಡಿಸುತ್ತದೆ. ಬದಲಾಗುವುದು ಅದರ ಸುತ್ತಲಿನ ಲೋಕ.

- ಅದು ಓಡುವ ಯಂತ್ರ ಕೆಟ್ಟರೆ ಅಂಥದ್ದೇ ಯಂತ್ರ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.
- ಅದರ ಅಡಿಪಾಯವಾದ ವಿಂಡೋಸ್ ಅಥವಾ ಡೇಟಾಬೇಸ್‌ಗೆ ಭದ್ರತಾ ತಿದ್ದುಪಡಿ ಬರುವುದು ನಿಲ್ಲುತ್ತದೆ.
- ಅದನ್ನು ಬರೆದವರು, ಬಲ್ಲವರು ನಿವೃತ್ತರಾಗುತ್ತಾರೆ.
- ಕಾನೂನು ಬದಲಾಗುತ್ತದೆ. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ ವ್ಯಾಟ್ ಲೆಕ್ಕದ ಪ್ರೋಗ್ರಾಂಗಳು ಒಂದೇ ರಾತ್ರಿಯಲ್ಲಿ ಹಳೆಯವಾದವು.
- ಬೇರೆ ವ್ಯವಸ್ಥೆಗಳ ಜೊತೆ ಮಾತಾಡಬೇಕಾದ ಅಗತ್ಯ ಬರುತ್ತದೆ. ಬ್ಯಾಂಕ್, ನೋಂದಣಿ ಕಚೇರಿ, ಮೊಬೈಲ್ ಎಲ್ಲವೂ ಈಗ ಒಂದಕ್ಕೊಂದು ಜೋಡಿಕೊಂಡಿವೆ.

ಆದ್ದರಿಂದ ‘ಇದು ಎಷ್ಟು ಹಳೆಯದು?’ ಎಂದು ಕೇಳಿದರೆ ಉಪಯೋಗವಿಲ್ಲ. ‘ಇದರ ಸುತ್ತ ಏನು ಬದಲಾಗಿದೆ, ಅದರಿಂದ ನಮಗೆ ಎಷ್ಟು ನಷ್ಟ?’ ಎಂದು ಕೇಳಬೇಕು.

ನಮ್ಮದೇ ಉದಾಹರಣೆ: ‘ಭೂಮಿ’

ಶಿಕಾರಿಪುರ ತಾಲ್ಲೂಕಿನ ಈಸೂರು ಎಲ್ಲರಿಗೂ ಗೊತ್ತಿರುವ ಊರು. 1942ರ ಚಲೇಜಾವ್ ಚಳವಳಿಯಲ್ಲಿ ತನ್ನನ್ನು ಸ್ವತಂತ್ರ ಎಂದು ಘೋಷಿಸಿಕೊಂಡ ಹಳ್ಳಿ ಅದು. ಆ ಊರಿನ ಒಬ್ಬ ರೈತನಿಗೆ ಬೆಳೆ ಸಾಲಕ್ಕೆ ಪಹಣಿ ಬೇಕು ಎಂದುಕೊಳ್ಳಿ. ಅದು ಅವನ ಕೈಗೆ ಬರುವ ದಾರಿ ಕಳೆದ ಮೂವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

*ಮೊದಲ ಹಂತ, ಕಾಗದ.* ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಅಂಥ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು, ಒಬ್ಬೊಬ್ಬರಿಗೆ ಮೂರುನಾಲ್ಕು ಹಳ್ಳಿ. ಅವರು ಸಿಕ್ಕಿದಾಗ, ಬರೆದುಕೊಟ್ಟಾಗ ಪಹಣಿ. ತಿದ್ದಿದ್ದು ಯಾರು, ಯಾವಾಗ ಎಂದು ಪತ್ತೆ ಹಚ್ಚುವುದು ಕಷ್ಟ.

*ಎರಡನೆಯ ಹಂತ, ಫಲ ಕೊಡದ ಮೊದಲ ಪ್ರಯತ್ನ.* 1990ರ ದಶಕದ ಆರಂಭದಲ್ಲಿ ಕೇಂದ್ರದ ಯೋಜನೆಯಡಿ ಗುಲ್ಬರ್ಗಾ ಜಿಲ್ಲೆಯಲ್ಲಿ ಭೂದಾಖಲೆ ಗಣಕೀಕರಣಕ್ಕೆ ಕೈ ಹಾಕಲಾಯಿತು. ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿದರು. ಆದರೆ ಜಮೀನು ಮಾರಾಟವಾದಾಗ, ಪಾಲಾದಾಗ ಅದನ್ನು ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರಿನಲ್ಲೇ ತಿದ್ದುವ ಏರ್ಪಾಡು ಇರಲಿಲ್ಲ. ಕಾಗದದ ಪುಸ್ತಕ ಮುಂದೆ ಹೋಯಿತು, ಕಂಪ್ಯೂಟರ್ ಹಿಂದೆ ಉಳಿಯಿತು. ಖರ್ಚು ಮಾಡಿ ತುಂಬಿದ ಮಾಹಿತಿ ಹಳಸಿತು.

*ಮೂರನೆಯ ಹಂತ, ಭೂಮಿ.* 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತಿದ್ದರು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಲಾಯಿತು. ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯೋಸ್ಕ್ ತೆರೆದು 15 ರೂಪಾಯಿಗೆ ಪಹಣಿ ಕೊಡತೊಡಗಿದರು.

ಮೊದಲ ಪ್ರಯತ್ನಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಕಂಪ್ಯೂಟರ್ ಹೊಸದಾಗಿದ್ದುದಷ್ಟೇ ಅಲ್ಲ. ಮೂರು ನಿಯಮಗಳು ಬದಲಾದವು. ಗಣಕೀಕರಣವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದಾಯಿತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು, ಹಾಗಾಗಿ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ಆಧುನೀಕರಣದ ಲಾಭ ಬಹುಮಟ್ಟಿಗೆ ಬಂದದ್ದು ಈ ನಿಯಮಗಳಿಂದ.

*ನಾಲ್ಕನೆಯ ಹಂತ, ಹೊಸದೇ ಹಳೆಯದಾಯಿತು.* ಆರಂಭದ ಭೂಮಿ ನಿಂತಿದ್ದು ವಿಂಡೋಸ್ ಎನ್‌ಟಿ, ಎಸ್‌ಕ್ಯೂಎಲ್ ಸರ್ವರ್ 7, ವಿಷುಯಲ್ ಬೇಸಿಕ್ 6ರ ಮೇಲೆ. ಆ ಕಾಲಕ್ಕೆ ಅವು ಒಳ್ಳೆಯ ಆಯ್ಕೆಗಳೇ. ಆದರೆ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4ರ ಬೆಂಬಲವನ್ನು 2004ರ ಕೊನೆಗೆ, ವಿಷುಯಲ್ ಬೇಸಿಕ್ 6 ಉಪಕರಣದ ಬೆಂಬಲವನ್ನು 2008ರ ಏಪ್ರಿಲ್‌ನಲ್ಲಿ, ಎಸ್‌ಕ್ಯೂಎಲ್ ಸರ್ವರ್ 7ರ ಬೆಂಬಲವನ್ನು 2011ರ ಜನವರಿಯಲ್ಲಿ ನಿಲ್ಲಿಸಿತು. ಪಹಣಿ ಎಂಬ ದಾಖಲೆ ನೂರು ವರ್ಷ ಬೇಕಾದದ್ದು. ಅದನ್ನು ಹೊತ್ತ ಅಡಿಪಾಯದ ಆಯುಷ್ಯ ಹತ್ತು ವರ್ಷ.

ಇನ್ನೊಂದು ತೊಡಕೂ ಇತ್ತು. ಆಗ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್. ಶಿಕಾರಿಪುರದ ದಾಖಲೆ ಶಿಕಾರಿಪುರದಲ್ಲಿ, ಸೊರಬದ ದಾಖಲೆ ಸೊರಬದಲ್ಲಿ. ಎರಡೂ ತಾಲ್ಲೂಕಿನಲ್ಲಿ ತುಂಡು ಜಮೀನಿದ್ದ ರೈತ ಎರಡೂ ಊರಿಗೆ ಅಲೆಯಬೇಕು. ಬ್ಯಾಂಕಿಗೆ, ನೋಂದಣಿ ಕಚೇರಿಗೆ ಇದನ್ನು ಜೋಡಿಸುವುದೂ ಕಷ್ಟ. ಹೀಗಾಗಿ ತಾಲ್ಲೂಕು ಸರ್ವರ್‌ಗಳಲ್ಲಿದ್ದ ಮಾಹಿತಿಯನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದು, ವೆಬ್ ಮೂಲಕ ಬಳಸುವ ರೂಪಕ್ಕೆ ಹಂತಹಂತವಾಗಿ ಬದಲಿಸಲಾಯಿತು. ಇಂದು ಈಸೂರಿನ ಸರ್ವೆ ನಂಬರಿನ ಪಹಣಿಯನ್ನು ದುಬೈನಲ್ಲಿ ಕೂತ ಮಗನೂ ಮೊಬೈಲಿನಲ್ಲಿ ನೋಡಬಹುದು.

ಈ ಬದಲಾವಣೆ ಖರ್ಚಿಗೆ ತಕ್ಕದ್ದಾಗಿತ್ತೇ? ಹೌದು ಎನ್ನಲು ಕಾರಣ ಸ್ಪಷ್ಟವಾಗಿದೆ. ಹಳೆಯದನ್ನು ಇಟ್ಟುಕೊಂಡಿದ್ದರೆ ಅದರ ಬೆಲೆಯನ್ನು ಲಕ್ಷಾಂತರ ರೈತರು ಬಸ್ ಚಾರ್ಜು ಮತ್ತು ಕಳೆದುಹೋದ ಕೂಲಿಯ ರೂಪದಲ್ಲಿ ಪ್ರತಿ ವರ್ಷ ಕಟ್ಟಬೇಕಿತ್ತು. ಇಂಥ ಖರ್ಚು ಇಲಾಖೆಯ ಬಜೆಟ್ಟಿನಲ್ಲಿ ಕಾಣುವುದಿಲ್ಲ. ಆದರೆ ಅದೂ ಖರ್ಚೇ.

ಹಾಗೆಂದು ಗಣಕೀಕರಣ ಎಲ್ಲವನ್ನೂ ಸರಿಮಾಡಿತು ಎನ್ನುವುದೂ ತಪ್ಪು. ಕಾಗದದ ಪಹಣಿಯಲ್ಲಿ ಹೆಸರು ತಪ್ಪಿದ್ದರೆ, ವಿಸ್ತೀರ್ಣ ತಪ್ಪಿದ್ದರೆ ಕಂಪ್ಯೂಟರಿಗೂ ಅದೇ ತಪ್ಪು ಹೋಯಿತು. ಅದನ್ನು ತಿದ್ದಿಸಲು ಜನ ಇಂದಿಗೂ ಅಲೆಯುತ್ತಾರೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಭೂಮಿಯಿಂದ ಸಣ್ಣವರಿಗಿಂತ ದೊಡ್ಡ ಭೂವ್ಯವಹಾರದವರಿಗೆ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿತ್ತು. ಹೊಸ ಸಾಫ್ಟ್‌ವೇರ್ ಯಾರ ಖರ್ಚನ್ನು ಇಳಿಸುತ್ತದೆ ಎಂಬ ಪ್ರಶ್ನೆಯೂ ಲೆಕ್ಕದ ಭಾಗವೇ.

ಕಾವೇರಿ: ಹೊಸದಕ್ಕೂ ಹೊಸ ಅಪಾಯ

ಆಸ್ತಿ ನೋಂದಣಿಗೆ ರಾಜ್ಯದಲ್ಲಿ 2003ರಿಂದ ಬಳಸಿದ್ದು ಪುಣೆಯ ಸಿ-ಡ್ಯಾಕ್ ರೂಪಿಸಿದ ‘ಕಾವೇರಿ’. ಎರಡು ದಶಕದ ನಂತರ, 2023ರಲ್ಲಿ, ‘ಕಾವೇರಿ 2.0’ ಉಪನೋಂದಣಿ ಕಚೇರಿಗಳಿಗೆ ಬಂತು. ಈಗ ಪತ್ರದ ವಿವರವನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಿ, ಶುಲ್ಕ ಕಟ್ಟಿ, ಸಮಯ ಕಾದಿರಿಸಿ, ಫೋಟೊ ಮತ್ತು ಬೆರಳಚ್ಚಿಗೆ ಮಾತ್ರ ಕಚೇರಿಗೆ ಹೋಗಬಹುದು. ದಿನವಿಡೀ ಕಚೇರಿಯ ಮುಂದೆ ಕಾಯುವುದು ತಪ್ಪಿತು.

ಆದರೆ 2025ರ ಆರಂಭದಲ್ಲಿ ಇದೇ ಕಾವೇರಿ 2.0 ಕೆಲವು ದಿನ ಕುಂಟಿತು. ನಕಲಿ ಖಾತೆಗಳಿಂದ ಏಕಕಾಲಕ್ಕೆ ಅಪಾರ ಮನವಿಗಳನ್ನು ಕಳಿಸಿ ವ್ಯವಸ್ಥೆಯನ್ನು ಮುಳುಗಿಸುವ ದಾಳಿ ನಡೆದಿದೆ ಎಂದು ಸರ್ಕಾರ ಹೇಳಿತು, ಪೊಲೀಸ್ ದೂರೂ ದಾಖಲಾಯಿತು. ಇಂಟರ್‌ನೆಟ್ಟಿಗೆ ತೆರೆದುಕೊಂಡ ವ್ಯವಸ್ಥೆ ಮನೆಯಿಂದಲೇ ಬಳಸುವ ಅನುಕೂಲ ಕೊಡುತ್ತದೆ. ಎಲ್ಲಿಂದಲಾದರೂ ದಾಳಿ ಮಾಡುವ ಬಾಗಿಲನ್ನೂ ತೆರೆಯುತ್ತದೆ. ಇದರಿಂದ ‘ಹಳೆಯದೇ ಚೆನ್ನಾಗಿತ್ತು’ ಎಂದು ತೀರ್ಮಾನಿಸಬೇಕಿಲ್ಲ. ಹೊಸ ಸಾಫ್ಟ್‌ವೇರಿನ ಖರ್ಚಿನ ಪಟ್ಟಿಯಲ್ಲಿ ರಕ್ಷಣೆಯ ಖರ್ಚನ್ನು ಮೊದಲ ದಿನದಿಂದಲೇ ಸೇರಿಸಬೇಕು, ಅಷ್ಟೆ.

ನುಡಿ ಕಡತಗಳು: ಪ್ರೋಗ್ರಾಂ ಸಾಯಬಹುದು, ಮಾಹಿತಿ ಸಾಯಬಾರದು

ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಸಾವಿರಾರು ಕಚೇರಿ, ಪತ್ರಿಕೆ, ಮುದ್ರಣಾಲಯಗಳು ವರ್ಷಗಟ್ಟಲೆ ಟೈಪ್ ಮಾಡಿದವು. ಆಗಿನ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುತ್ತಿತ್ತು. ಅದನ್ನು ಗೂಗಲ್ಲಿನಲ್ಲಿ ಹುಡುಕಲಾಗದು, ಮೊಬೈಲಿನಲ್ಲಿ ಓದಲಾಗದು.

ಯೂನಿಕೋಡ್ ಬಂದದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ ಎಲ್ಲ ಯಂತ್ರ, ಎಲ್ಲ ಪ್ರೋಗ್ರಾಂಗಳು ಅದನ್ನು ಸರಿಯಾಗಿ ತೋರಿಸಲು ಬಹಳ ವರ್ಷ ಹಿಡಿಯಿತು. ನಂತರ ನುಡಿಯೂ ಯೂನಿಕೋಡ್ ಬೆಂಬಲ ಪಡೆಯಿತು, ಹಳೆಯ ಕಡತಗಳನ್ನು ಪರಿವರ್ತಿಸುವ ಉಪಕರಣಗಳೂ ಬಂದವು. ನೀವು ಈ ಲೇಖನವನ್ನು ಫೋನಿನಲ್ಲಿ ಓದುತ್ತಿರುವುದು ಯೂನಿಕೋಡ್‌ನಿಂದಲೇ.

ಇಲ್ಲಿರುವ ಪಾಠ ಸರಳ. ಪ್ರೋಗ್ರಾಂ ಬದಲಿಸುವುದನ್ನು ಮುಂದೂಡಬಹುದು. ಮಾಹಿತಿಯನ್ನು ಎಲ್ಲರೂ ಓದಬಲ್ಲ ರೂಪಕ್ಕೆ ತರುವುದನ್ನು ಮುಂದೂಡಿದಷ್ಟೂ ಖರ್ಚು ಬೆಳೆಯುತ್ತದೆ, ಏಕೆಂದರೆ ಹಳೆಯ ರೂಪದ ಕಡತಗಳು ದಿನವೂ ಹೆಚ್ಚುತ್ತವೆ ಮತ್ತು ಅವನ್ನು ಬಲ್ಲವರು ದಿನವೂ ಕಡಿಮೆಯಾಗುತ್ತಾರೆ.

ಮಿಥ್ಯೆ ಮತ್ತು ವಾಸ್ತವ

*ಮಿಥ್ಯೆ 1: ಹಳೆಯ ಸಾಫ್ಟ್‌ವೇರ್ ಅಂದರೆ ಅಸುರಕ್ಷಿತ, ಹೊಸದು ಅಂದರೆ ಸುರಕ್ಷಿತ.*

ವಾಸ್ತವ: ಮುಖ್ಯವಾದದ್ದು ತಿದ್ದುಪಡಿ ಹಾಕಿದ್ದೀರಾ ಎಂಬುದು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಸುಲಿಗೆ ವೈರಸ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳನ್ನು ಹಿಡಿಯಿತು, ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದವು. ಹಳೆಯ ವಿಂಡೋಸ್ ಎಕ್ಸ್‌ಪಿಯೇ ಕಾರಣ ಎಂದು ಎಲ್ಲರೂ ಅಂದರು. ಆದರೆ ಸೋಂಕು ತಗುಲಿದ ಯಂತ್ರಗಳಲ್ಲಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7. ತಿದ್ದುಪಡಿ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ, ಬಂದಿತ್ತು. ಹಾಕಿಕೊಂಡಿರಲಿಲ್ಲ.

*ಮಿಥ್ಯೆ 2: ಓಡುತ್ತಿರುವುದನ್ನು ಮುಟ್ಟಲೇಬಾರದು.*

ವಾಸ್ತವ: ಮುಟ್ಟದೆ ಇರುವುದಕ್ಕೂ ಬೆಲೆ ಇದೆ. ಅಮೆರಿಕದ ಸರ್ಕಾರಿ ಲೆಕ್ಕಪತ್ರ ಸಂಸ್ಥೆ 2019ರಲ್ಲಿ ವರದಿ ಮಾಡಿದಂತೆ ಅಲ್ಲಿನ ಕೇಂದ್ರ ಸರ್ಕಾರ ವರ್ಷಕ್ಕೆ ಮಾಹಿತಿ ತಂತ್ರಜ್ಞಾನಕ್ಕೆ ಖರ್ಚು ಮಾಡುವ 9,000 ಕೋಟಿ ಡಾಲರುಗಳಲ್ಲಿ ಸುಮಾರು ಶೇ 80 ಇರುವ ವ್ಯವಸ್ಥೆಗಳನ್ನು ನಡೆಸಲಿಕ್ಕೇ ಹೋಗುತ್ತಿತ್ತು. ತುರ್ತಾಗಿ ಬದಲಿಸಬೇಕೆಂದು ಅದು ಗುರುತಿಸಿದ 10 ವ್ಯವಸ್ಥೆಗಳ ವಯಸ್ಸು 8ರಿಂದ 51 ವರ್ಷ. 2020ರ ಏಪ್ರಿಲ್‌ನಲ್ಲಿ ಕೋವಿಡ್ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ, ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಭಾಷೆ ಬಲ್ಲವರು ಸ್ವಯಂಸೇವಕರಾಗಿ ಬನ್ನಿ ಎಂದು ಸುದ್ದಿಗೋಷ್ಠಿಯಲ್ಲಿ ಕೇಳಬೇಕಾಯಿತು. ಬಲ್ಲವರು ಇಲ್ಲದಾಗ ಹಳೆಯ ಸಾಫ್ಟ್‌ವೇರ್ ದುಬಾರಿಯಾಗುತ್ತದೆ.

*ಮಿಥ್ಯೆ 3: ದುಡ್ಡು ಸುರಿದರೆ ಒಂದೇ ಏಟಿಗೆ ಬದಲಿಸಬಹುದು.*

ವಾಸ್ತವ: ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ತನ್ನ ಗ್ರಾಹಕರೆಲ್ಲರನ್ನೂ ಹೊಸ ವ್ಯವಸ್ಥೆಗೆ ಸಾಗಿಸಿತು. ಮಾಹಿತಿ ಸರಿಯಾಗಿಯೇ ಸಾಗಿತು, ಆದರೆ ಹೊಸ ವ್ಯವಸ್ಥೆ ಭಾರ ತಡೆಯಲಿಲ್ಲ. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಪೂರ್ತಿ ಸರಿಹೋದದ್ದು ಡಿಸೆಂಬರಿಗೆ. 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಬಿತ್ತು. ನಮ್ಮಲ್ಲೂ 2021ರ ಜೂನ್ 7ರಂದು ಬಂದ ಹೊಸ ಆದಾಯ ತೆರಿಗೆ ಜಾಲತಾಣ ತಿಂಗಳುಗಟ್ಟಲೆ ತೊಡಕು ಕೊಟ್ಟದ್ದು, ಹಣಕಾಸು ಸಚಿವರು ಇನ್ಫೋಸಿಸ್ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿದ್ದು ನೆನಪಿರಬಹುದು.

*ಮಿಥ್ಯೆ 4: ಹಳೆಯ ಕೋಡ್ ಗಲೀಜು, ಮೊದಲಿನಿಂದ ಬರೆದರೆ ಶುದ್ಧ.*

ವಾಸ್ತವ: ಗಲೀಜು ಎಂದು ಕಾಣುವ ಸಾಲುಗಳಲ್ಲಿ ಎಷ್ಟೋ ಹಿಂದೊಮ್ಮೆ ಯಾರಿಗೋ ಆದ ತೊಂದರೆಗೆ ಕಂಡುಕೊಂಡ ಪರಿಹಾರಗಳು. ಬಿಸಾಡಿದರೆ ಆ ಅನುಭವವೂ ಹೋಗುತ್ತದೆ. ನೆಟ್‌ಸ್ಕೇಪ್ ಬ್ರೌಸರ್ ಇದಕ್ಕೆ ಹೆಸರಾದ ಉದಾಹರಣೆ. 4ನೇ ಆವೃತ್ತಿ 1997ರಲ್ಲಿ ಬಂತು, ಮೊದಲಿನಿಂದ ಬರೆದ 6ನೇ ಆವೃತ್ತಿ 2000ದ ನವೆಂಬರಿನಲ್ಲಿ. 5ನೇ ಆವೃತ್ತಿ ಬರಲೇ ಇಲ್ಲ. ಆ ಮೂರು ವರ್ಷದಲ್ಲಿ ಮಾರುಕಟ್ಟೆ ಕೈತಪ್ಪಿತು. ಅದೇ ಕೋಡ್ ಮುಂದೆ ಫೈರ್‌ಫಾಕ್ಸ್ ಆಗಿ ಫಲ ಕೊಟ್ಟಿತು, ನಿಜ. ಆದರೆ ಅಷ್ಟರಲ್ಲಿ ನೆಟ್‌ಸ್ಕೇಪ್ ಕಂಪನಿ ಉಳಿದಿರಲಿಲ್ಲ.

*ಮಿಥ್ಯೆ 5: ಇದಕ್ಕೆ ಈಗಾಗಲೇ ಲಕ್ಷಾಂತರ ಸುರಿದಿದ್ದೇವೆ, ಬಿಟ್ಟರೆ ವ್ಯರ್ಥ.*

ವಾಸ್ತವ: ಹಿಂದೆ ಖರ್ಚಾದ ಹಣ ಬದಲಿಸಿದರೂ ಬರುವುದಿಲ್ಲ, ಬದಲಿಸದಿದ್ದರೂ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಇನ್ನು ಮುಂದೆ ಆಗುವ ಖರ್ಚು ಮಾತ್ರ.

ನಿಮ್ಮ ಅಂಗಡಿಗೆ ಲೆಕ್ಕ ಹಾಕುವುದು ಹೇಗೆ?

ಶಿಕಾರಿಪುರದಲ್ಲಿ ಒಂದು ಅಡಿಕೆ ಮಂಡಿ ಇದೆ ಎಂದುಕೊಳ್ಳೋಣ. ವಿಂಡೋಸ್ 7 ಕಂಪ್ಯೂಟರಿನಲ್ಲಿ ಹದಿನೈದು ವರ್ಷದ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಊಹಿಸಿಕೊಂಡವು, ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ.

ಹಳೆಯದನ್ನು ಇಟ್ಟುಕೊಂಡರೆ ವರ್ಷಕ್ಕೆ:
- ರಿಪೇರಿ, ನಿರ್ವಹಣೆ: 15,000 ರೂ.
- ಪ್ರೋಗ್ರಾಂ ಮಾಡದ ಕೆಲಸವನ್ನು ಕೈಯಲ್ಲಿ ಮಾಡುವುದು, ದಿನಕ್ಕೆ ಒಂದೂವರೆ ಗಂಟೆ, ಗಂಟೆಗೆ 100 ರೂ., 300 ದಿನ: 45,000 ರೂ.
- ಎರಡು ವರ್ಷಕ್ಕೊಮ್ಮೆ ಕೆಟ್ಟು ಆಗುವ 20,000 ರೂ. ನಷ್ಟ, ವರ್ಷಕ್ಕೆ: 10,000 ರೂ.
- ಒಟ್ಟು: 70,000 ರೂ.

ಹೊಸದಕ್ಕೆ ವರ್ಷಕ್ಕೆ:
- ಚಂದಾ: 24,000 ರೂ.
- ಉಳಿಯುವ ಕೈಕೆಲಸ, ದಿನಕ್ಕೆ ಅರ್ಧ ಗಂಟೆ: 15,000 ರೂ.
- ಒಟ್ಟು: 39,000 ರೂ.

ಉಳಿತಾಯ ವರ್ಷಕ್ಕೆ 31,000 ರೂ.

ಬದಲಿಸಲು ಒಮ್ಮೆ ಆಗುವ ಖರ್ಚು:
- ಅಳವಡಿಕೆ: 40,000 ರೂ.
- ಹಳೆಯ ಖಾತೆಗಳನ್ನು ಸಾಗಿಸಿ ತಾಳೆ ನೋಡುವುದು: 25,000 ರೂ.
- ತರಬೇತಿ, ಎರಡು ತಿಂಗಳು ಎರಡರಲ್ಲೂ ಲೆಕ್ಕ ಬರೆಯುವುದು: 28,000 ರೂ.
- ಒಟ್ಟು: 93,000 ರೂ.

93,000ವನ್ನು 31,000ದಿಂದ ಭಾಗಿಸಿದರೆ 3. ಅಂದರೆ ಮೂರು ವರ್ಷಕ್ಕೆ ಹಾಕಿದ ಹಣ ವಾಪಸ್. ಮಾರುವವರು ಹೇಳುವುದು 40,000 ಮಾತ್ರ ಎಂಬುದನ್ನು ಗಮನಿಸಿ. ಅರ್ಧಕ್ಕಿಂತ ಹೆಚ್ಚು ಖರ್ಚು ಮಾಹಿತಿ ಸಾಗಣೆ ಮತ್ತು ಕಲಿಕೆಯದು.

ಈಗ ಅದೇ ಲೆಕ್ಕವನ್ನು ಮೂರು ಬಗೆಯಲ್ಲಿ ಅಲುಗಾಡಿಸಿ ನೋಡಿ.

1. ಇಂಥ ಕೆಲಸಗಳು ಅಂದಾಜು ಮೀರುವುದು ಸಾಮಾನ್ಯ. ಒಮ್ಮೆಯ ಖರ್ಚು ಇಮ್ಮಡಿಯಾದರೆ ಹಣ ವಾಪಸಾಗಲು ಆರು ವರ್ಷ. ನಾಲ್ಕು ವರ್ಷದಲ್ಲಿ ಮಂಡಿ ಮುಚ್ಚುವ ಯೋಚನೆ ಇದ್ದರೆ ಬದಲಾವಣೆ ನಷ್ಟ.

2. ಆ ಕಂಪ್ಯೂಟರ್ ಇಂಟರ್‌ನೆಟ್ಟಿಗೆ ಜೋಡಿಕೊಂಡಿದೆ, ವೈರಸ್ ತಗುಲಿ ಇಡೀ ಖಾತೆ ಪುಸ್ತಕವೇ ಹೋದರೆ 4 ಲಕ್ಷ ನಷ್ಟ, ಹಾಗಾಗುವ ಸಾಧ್ಯತೆ ವರ್ಷಕ್ಕೆ ನೂರಕ್ಕೆ 5 ಎಂದುಕೊಳ್ಳಿ. ಹೊಸದರಲ್ಲಿ ಆ ಅಪಾಯ ಇಲ್ಲವೆಂದೇ ಇಟ್ಟುಕೊಂಡರೆ ಹಳೆಯದರ ಖರ್ಚಿಗೆ ವರ್ಷಕ್ಕೆ ಇನ್ನೂ 20,000 ಸೇರುತ್ತದೆ. ಉಳಿತಾಯ 51,000 ಆಗಿ, ಎರಡು ವರ್ಷದೊಳಗೆ ಹಣ ವಾಪಸ್. ಬದಲಾವಣೆ ತುಂಬ ಲಾಭ ಎನಿಸುತ್ತದೆ.

3. ಆದರೆ ತಡೆಯಿರಿ. ಆ ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, 6,000 ರೂ.ಗೆ ಒಂದು ಹಾರ್ಡ್‌ಡಿಸ್ಕ್ ಕೊಂಡು ಪ್ರತಿ ಸಂಜೆ ನಕಲು ತೆಗೆದಿಟ್ಟರೆ ಆ 20,000ದ ಅಪಾಯ ಬಹುಪಾಲು ಇಲ್ಲವಾಗುತ್ತದೆ. ಮತ್ತೆ ಮೂರು ವರ್ಷದ ಲೆಕ್ಕಕ್ಕೇ ಬಂದೆವು.

ಮೂರನೆಯದರಲ್ಲೇ ಮುಖ್ಯ ಅಂಶವಿದೆ. ಹೊಸ ಸಾಫ್ಟ್‌ವೇರನ್ನು ಹಳೆಯದರ ಅತಿ ಕೆಟ್ಟ ಸ್ಥಿತಿಗೆ ಹೋಲಿಸಬೇಡಿ. ಮೊದಲು ಹಳೆಯದಕ್ಕೆ ಅಗ್ಗದ ರಿಪೇರಿ ಮಾಡಿ, ಆ ರಿಪೇರಿಯಾದ ಸ್ಥಿತಿಗೆ ಹೋಲಿಸಿ. ಎಷ್ಟೋ ಸಲ ಬದಲಾವಣೆಯ ತುರ್ತು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಬದಲಾವಣೆ ನಿಜಕ್ಕೂ ಬೇಕಾಗಿದೆ ಎಂದರ್ಥ.

ನಡುವಿನ ದಾರಿಗಳು

- *ಬೇಲಿ ಹಾಕಿ ಇಟ್ಟುಕೊಳ್ಳುವುದು:* ನೆಟ್‌ನಿಂದ ಬಿಡಿಸಿ, ನಕಲು ಇಟ್ಟು, ಅದೇ ಕೆಲಸಕ್ಕೆ ಮಾತ್ರ ಬಳಸುವುದು. ನಿಯಮ ಬದಲಾಗದ, ಬೇರೆಯವರ ಜೊತೆ ಜೋಡಣೆ ಬೇಡದ ಕೆಲಸಕ್ಕೆ ಸಾಕು.
- *ಹೊಸ ಯಂತ್ರದಲ್ಲಿ ಹಳೆಯ ಪ್ರೋಗ್ರಾಂ:* ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನಂತೆ ನಟಿಸುವ ವರ್ಚುವಲ್ ಯಂತ್ರ. ಯಂತ್ರ ಸಿಗುವುದಿಲ್ಲ ಎಂಬ ತೊಂದರೆಗೆ ಇದು ಪರಿಹಾರ, ಉಳಿದವಕ್ಕಲ್ಲ.
- *ಮೇಲೊಂದು ಹೊದಿಕೆ:* ಒಳಗೆ ಹಳೆಯದೇ ಇದ್ದು, ಹೊರಗಿನವರಿಗೆ ಹೊಸ ಪುಟ ಕಾಣುವಂತೆ ಮಾಡುವುದು.
- *ತುಂಡುತುಂಡಾಗಿ ಬದಲಿಸುವುದು:* ಮಲೆನಾಡಿನವರಿಗೆ ಇದು ಗೊತ್ತಿರುವ ದೃಶ್ಯ. ಹಕ್ಕಿ ಬೀಳಿಸಿದ ಗೋಣಿಮರದ ಬೀಜ ಬೇರೊಂದು ಮರದ ಮೇಲೆ ಮೊಳೆತು, ಬೇರು ಇಳಿಸಿ, ಹಳೆಯ ಮರವನ್ನು ಸುತ್ತುವರಿದು, ವರ್ಷಗಳ ನಂತರ ತಾನೇ ಮರವಾಗಿ ನಿಲ್ಲುತ್ತದೆ. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಇಂಥದ್ದೇ ಅತ್ತಿಜಾತಿಯ ಮರದ ಹೆಸರನ್ನು ಈ ವಿಧಾನಕ್ಕೆ ಇಟ್ಟರು. ಒಂದೊಂದೇ ಕೆಲಸವನ್ನು ಹೊಸದಕ್ಕೆ ವರ್ಗಾಯಿಸುತ್ತ ಹೋಗುವುದು, ತಪ್ಪಿದರೆ ಆ ಒಂದೇ ಕೆಲಸವನ್ನು ಹಿಂದಕ್ಕೆ ತರುವುದು. ನಿಧಾನ, ಆದರೆ ಒಂದೇ ದಿನ ಎಲ್ಲ ಮುಳುಗುವ ಭಯವಿಲ್ಲ.
- *ಒಂದೇ ಏಟಿಗೆ ಬದಲಿಸುವುದು:* ಸಣ್ಣ ವ್ಯವಸ್ಥೆಗೆ, ಅಥವಾ ಹಳೆಯದೂ ಹೊಸದೂ ಒಟ್ಟಿಗೆ ಇರಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ.

ತುಂಡುತುಂಡಾಗಿ ಬದಲಿಸುವಾಗಲೂ ಭೂಮಿಯ ಪಾಠ ಮರೆಯಬಾರದು. ಯಾವುದೇ ದಾಖಲೆಗೆ ಎರಡು ‘ಅಸಲಿ’ ಪ್ರತಿ ಇರಕೂಡದು. ಗುಲ್ಬರ್ಗಾದ ಮೊದಲ ಪ್ರಯತ್ನ ಬಿದ್ದದ್ದು ಕಾಗದ ಮುಂದೆ ಹೋಗಿ ಕಂಪ್ಯೂಟರ್ ಹಿಂದುಳಿದದ್ದರಿಂದ. ಭೂಮಿ ನಿಂತದ್ದು ಕೈಬರಹಕ್ಕೆ ಮಾನ್ಯತೆ ಇಲ್ಲ ಎಂದದ್ದರಿಂದ.

ತೀರ್ಮಾನಕ್ಕೆ ಮುನ್ನ ಏಳು ಪ್ರಶ್ನೆ

1. ಭದ್ರತಾ ತಿದ್ದುಪಡಿ ಈಗಲೂ ಬರುತ್ತಿದೆಯೇ? ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ.
2. ಇದನ್ನು ರಿಪೇರಿ ಮಾಡಬಲ್ಲವರು ಎಷ್ಟು ಜನ? ಒಬ್ಬರೇ ಆದರೆ ಅವರಿಲ್ಲದ ದಿನ ಏನು?
3. ಯಂತ್ರ ನಾಳೆ ಸುಟ್ಟುಹೋದರೆ ಎಷ್ಟು ದಿನದಲ್ಲಿ ಮತ್ತೆ ಕೆಲಸ ಶುರುವಾಗುತ್ತದೆ?
4. ಮಾಹಿತಿಯನ್ನು ಬೇರೆಯವರೂ ಓದಬಲ್ಲ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ?
5. ಕಾನೂನು ಬದಲಾದರೆ ಇದನ್ನು ಬದಲಿಸಲು ಎಷ್ಟು ದಿನ, ಎಷ್ಟು ಹಣ?
6. ಇದರ ಕೊರತೆಯ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ? ನೀವೋ, ಸಾಲಿನಲ್ಲಿ ನಿಂತ ಗ್ರಾಹಕರೋ?
7. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳುವ ದಾರಿ ಇದೆಯೇ?

ಮೊದಲ ಐದರಲ್ಲಿ ಎರಡುಮೂರಕ್ಕೆ ಉತ್ತರ ಕೆಟ್ಟದ್ದಾಗಿದ್ದರೆ ಬದಲಾವಣೆಗೆ ತಯಾರಿ ಶುರುಮಾಡಿ. 4ನೆಯದಕ್ಕೆ ‘ಇಲ್ಲ’ ಎಂದಾದರೆ ಉಳಿದದ್ದು ಏನೇ ಇರಲಿ, ಮಾಹಿತಿ ಹೊರತೆಗೆಯುವ ಕೆಲಸವನ್ನು ಈಗಲೇ ಮಾಡಿಸಿ. 7ನೆಯದಕ್ಕೆ ‘ಇಲ್ಲ’ ಎಂದಾದರೆ, ಆ ದಾರಿ ಸಿದ್ಧವಾಗುವವರೆಗೆ ಬದಲಿಸಬೇಡಿ.

ಫೋನಿನ ಮಟ್ಟಿಗೆ

ಇದೇ ಲೆಕ್ಕ ನಿಮ್ಮ ಕೈಯಲ್ಲಿರುವ ಫೋನಿಗೂ ಅನ್ವಯಿಸುತ್ತದೆ. ಹಳೆಯ ಫೋನ್ ಕರೆಗೆ, ಹಾಡಿಗೆ ಚೆನ್ನಾಗಿಯೇ ಇರಬಹುದು. ಆದರೆ ಭದ್ರತಾ ತಿದ್ದುಪಡಿ ನಿಂತುಹೋದ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ಬಳಸುವುದು ಬೇರೆ ಮಾತು. ವಾಟ್ಸಾಪ್ 2025ರ ಜನವರಿಯಿಂದ ಆಂಡ್ರಾಯ್ಡ್ 4.4 ಇರುವ ಫೋನುಗಳಿಗೆ ಬೆಂಬಲ ನಿಲ್ಲಿಸಿದೆ.

‘ನಿಮ್ಮ ಆ್ಯಪ್ ಹಳೆಯದಾಗಿದೆ, ಇಂದೇ ಈ ಕಡತ ಹಾಕಿಕೊಳ್ಳಿ’ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತ ಆಧುನೀಕರಣವಲ್ಲ, ಮೋಸ. ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಎಂಬ ಹೆಸರಿನಲ್ಲೂ ಇಂಥವು ಬರುತ್ತವೆ. ಅಪ್‌ಡೇಟ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದ ಅಥವಾ ಫೋನಿನ ಸೆಟ್ಟಿಂಗ್ಸ್‌ನಿಂದ ಮಾತ್ರ ಮಾಡಿ. ಅದನ್ನು ಒತ್ತಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನು ಮುಂದೆ ಯಾವುದಾದರೂ ಸರ್ಕಾರಿ ಜಾಲತಾಣ ಕೆಟ್ಟಾಗ ‘ಹಳೆಯದು ಬಿಸಾಡಿ’ ಅಥವಾ ‘ಹಳೆಯದೇ ಬೇಕು’ ಎಂಬ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿ ಮೂರು ಸಂಗತಿ ಇವೆಯೇ ನೋಡಿ: ಹಳೆಯದನ್ನು ನಡೆಸುವ ಖರ್ಚು, ಬದಲಿಸುವ ಪೂರ್ತಿ ಖರ್ಚು, ಮತ್ತು ಆ ಖರ್ಚನ್ನು ಯಾರು ಹೊರುತ್ತಾರೆ ಎಂಬುದು. ಮೂರೂ ಇಲ್ಲದಿದ್ದರೆ ಅದು ಕೋಪದ ಮಾತು, ಲೆಕ್ಕವಲ್ಲ.